ನೇಮದ ಮಾತ್ರೆ ಮತ್ತು ನಮ್ಮ ಪಿ.ಟಿ. ಟೀಚರ್

ನಮ್ಮ ಪಿ.ಟಿ. ಟೀಚರ್ ಸ್ವಯಂ ನಿವೃತ್ತಿ ಪಡೆದ ದಿನ ಶಾಲೆಯಲ್ಲಿ ಬೀಳ್ಕೊಡುಗೆ ಸಭೆಯಾಯಿತು. ಮಾತಾಡಿದವರೆಲ್ಲ ಗಂಡಸರು. ಎಲ್ಲರೂ ಅವರನ್ನು ಸಹನಾಮೂರ್ತಿ ಎಂದರು. ಒಬ್ಬರಂತೂ ಭೂಮಿತಾಯಿ ಎಂದೂ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಕೂತು ಚಹಾ ಕುಡಿದವರು ಆ ಹೆಂಗಸನ್ನು ಒಂದು ದಿನವೂ ಕಣ್ಣುಬಿಟ್ಟು ನೋಡಿರಲಿಲ್ಲವೇ? ನಾನು ಕಂಡ ಮನುಷ್ಯರಲ್ಲೆಲ್ಲ ಅತಿ ಹೆಚ್ಚು ಸಿಟ್ಟಿದ್ದವರು ಅವರು. ಆ ಸಿಟ್ಟು ಇಲ್ಲದಿದ್ದರೆ ಅವರು ನಿವೃತ್ತಿಯವರೆಗೆ ಉಳಿಯುತ್ತಲೇ ಇರಲಿಲ್ಲ. ಸಹನೆ ಅವರನ್ನು ಕೊಲ್ಲಲು ಹೊರಟಿತ್ತು, ಸಿಟ್ಟು ಉಳಿಸಿತು.

ಇದನ್ನು ಸಭೆಯಲ್ಲೇ ಹೇಳಬೇಕೆಂದಿದ್ದೆ. ನನಗೆ ಮೈಕ್ ಕೊಡಲಿಲ್ಲ. ‘ಸೈನ್ಸ್ ಟೀಚರ್ ಶುರು ಮಾಡಿದ್ರೆ ಊಟ ತಣ್ಣಗಾಗ್ತದೆ’ ಎಂದು ಹೆಡ್‌ಮಾಸ್ಟರು ನಗೆಯಾಡಿದರು. ಸರಿ, ಬರೆಯುತ್ತೇನೆ. ಪಿ.ಟಿ. ಟೀಚರನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಹೆಸರು ಒಂದು ಬೇಡ ಟೀಚರ್, ಮಕ್ಕಳು ದೊಡ್ಡವರಾಗಿದ್ದಾರೆ. ಉಳಿದದ್ದು ಎಲ್ಲ ಬರೀರಿ. ನಾನೇನು ಕದ್ದಿಲ್ಲ’ ಎಂದರು ಅವರು.

ನಮ್ಮದು ಬೆಳುವಾಯಿ ಕಡೆಯ ಅನುದಾನಿತ ಪ್ರೌಢಶಾಲೆ. ಪಿ.ಟಿ. ಟೀಚರ್ ಎತ್ತರದ ಹೆಂಗಸು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ ಓಡಾಡುವವರು. ಕೂತು ಉಂಡದ್ದನ್ನು ನಾನು ನೋಡಿಲ್ಲ. ಬುತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೈದಾನದ ಮೇಲೆ ಒಂದು ಕಣ್ಣಿಟ್ಟು, ನಿಂತೇ ಉಣ್ಣುತ್ತಿದ್ದರು. ಹುಡುಗಿಯರ ಕಬಡ್ಡಿ ತಂಡ ಕಟ್ಟಿದವರು ಅವರೇ. ಒಮ್ಮೆ ಶಾಲಾ ಸಮಿತಿಯ ಯಜಮಾನರೊಬ್ಬರು ಬಂದು, ಹುಡುಗಿಯರ ಚಡ್ಡಿ ಮೊಣಕಾಲಿಗಿಂತ ಮೇಲಿದೆ ಎಂದು ತಕರಾರು ತೆಗೆದರು. ಪಿ.ಟಿ. ಟೀಚರ್ ಅಳತೆಯ ಟೇಪನ್ನು ಅವರ ಕೈಗೆ ಕೊಟ್ಟು, ‘ಅಳೀರಿ. ಮಕ್ಕಳ ತಂದೆಯಂದಿರು ಅಲ್ಲಿ ನಿಂತಿದ್ದಾರೆ, ಅವರ ಎದುರಿಗೇ ಅಳೀರಿ’ ಎಂದರು. ಆ ಮನುಷ್ಯ ಅಲ್ಲಿಂದ ಕಾಲುಕಿತ್ತವರು ಕ್ರೀಡಾಕೂಟಕ್ಕೂ ಬರಲಿಲ್ಲ.

ಮೈದಾನದಲ್ಲಿ ಹುಲಿ. ಆದರೆ ಬೆಳ್ತಂಗಡಿ ಕಡೆ ಅವರ ತಾಯಿಯ ಮನೆಯೊಂದಿತ್ತು. ಭೂಮಿ ಕಾಣಿ, ದೈವದ ಚಾವಡಿ, ನಾಲ್ಕು ಊರಲ್ಲಿ ಹೆಸರು ಇರುವ ಮನೆ. ಆ ಮನೆಯ ಹೊಸ್ತಿಲು ದಾಟಿದರೆ ಈ ಹುಲಿ ಬಾಲ ಮುದುಡುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರದ್ದು ಅಳಿಯಕಟ್ಟಿನ ಕುಟುಂಬ. ವಂಶ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುವುದು. ಮನೆಯ ಯಜಮಾನ ಸೋದರಮಾವ. ಆ ತಲೆಮಾರಿನಲ್ಲಿ ಕುಟುಂಬಕ್ಕೆ ಇದ್ದ ಒಬ್ಬಳೇ ಮಗಳು ನಮ್ಮ ಪಿ.ಟಿ. ಟೀಚರ್. ಅವರಿಗೆ ಹುಟ್ಟಿದ್ದು ಎರಡೂ ಗಂಡು. ಬೇರೆ ಊರುಗಳಲ್ಲಾದರೆ ಇಷ್ಟಕ್ಕೆ ಸೊಸೆಯನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದರು. ಇಲ್ಲಿ ಎರಡನೆಯದೂ ಗಂಡು ಎಂದಾಗ ಮನೆಯವರ ಮುಖ ಬಾಡಿತು. ಆ ಹೆರಿಗೆಯಲ್ಲಿ ಅವರಿಗೆ ರಕ್ತ ನಿಲ್ಲಲೇ ಇಲ್ಲ. ಬಾಟಲಿಯ ಮೇಲೆ ಬಾಟಲಿ ರಕ್ತ ಕೊಟ್ಟು, ಅಂತೂ ಉಳಿಸಿದರು. ಇನ್ನೊಂದು ಬಸಿರು ಬೇಡವೇ ಬೇಡ, ಈಗಲೇ ಆಪರೇಷನ್ ಮಾಡಿಬಿಡುವ ಎಂದರಂತೆ ಡಾಕ್ಟರು. ಅದನ್ನು ಹೇಳಿದ್ದು ಪ್ರಜ್ಞೆ ಇಲ್ಲದೆ ಮಲಗಿದ್ದ ಇವರಿಗಲ್ಲ, ಸೋದರಮಾವನಿಗೆ. ಮಾವ ಬಹರೈನಿಗೆ ಫೋನು ಮಾಡಿ ಗಂಡನನ್ನು ಕೇಳಿದರು. ಗಂಡ, ‘ಮಾವ ಹೇಳಿದ ಹಾಗೆ’ ಎಂದರು. ಮಾವ, ‘ಕುಟುಂಬಕ್ಕೆ ಒಂದು ಹೆಣ್ಣಾಗ್ಲಿ, ಮತ್ತೆ ನೋಡುವ’ ಎಂದರು. ಇಬ್ಬರು ಗಂಡಸರು ಸೇರಿ ಒಂದು ಗರ್ಭಕೋಶದ ಭವಿಷ್ಯವನ್ನು ಫೋನಿನಲ್ಲೇ ಮುಗಿಸಿದರು.

‘ಉಳಿದ ಕಡೆಯವರು ಗಂಡು ಬೇಕು ಅಂತ ಹೆಂಗಸರನ್ನು ಸಾಯಿಸ್ತಾರೆ’ ಎಂದು ಪಿ.ಟಿ. ಟೀಚರ್ ಒಮ್ಮೆ ಹೇಳಿದರು. ‘ನಾವು ಹೆಣ್ಣಿಗೆ ಮರ್ಯಾದೆ ಕೊಡುವವರಲ್ಲವಾ? ಹೆಣ್ಣು ಬೇಕು ಅಂತ ಸಾಯಿಸ್ತೇವೆ.’

ಗಂಡ ನರಿಕೊಂಬಿನವರು. ಬಹರೈನಿನ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಕೆಟ್ಟ ಮನುಷ್ಯ ಎಂದು ಹೇಳಲಾರೆ. ಮಕ್ಕಳಿಗೆ ಚಾಕಲೇಟು, ನಮಗೆಲ್ಲ ಖರ್ಜೂರ ತರುವವರು, ಎಲ್ಲರಿಗೂ ನಗುನಗುತ್ತ ಹೂಂ ಎನ್ನುವವರು. ಹೂಂ ಎನ್ನುವ ಗಂಡಸರ ಮೇಲೆ ನನಗೆ ಬೇರೆಯೇ ಸಿಟ್ಟಿದೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವರು. ನಾನು ಹೇಳಹೊರಟ ವರ್ಷ ಕುಟುಂಬದ ದೈವಕ್ಕೆ ನೇಮ, ಅಂದರೆ ಭೂತಕೋಲ, ಇಟ್ಟಿದ್ದರಿಂದ ರಜೆಯನ್ನು ಅದಕ್ಕೇ ಹೊಂದಿಸಿಕೊಂಡಿದ್ದರು. ಕಿರಿಯವನಿಗೆ ಆಗ ನಾಲ್ಕು ತುಂಬಿತ್ತು. ಈ ಸಲ ಎಲ್ಲರ ಕಣ್ಣೂ ತನ್ನ ಹೊಟ್ಟೆಯ ಮೇಲೆ ಎಂದು ಪಿ.ಟಿ. ಟೀಚರಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವರು ನನ್ನ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ತಂದು, ಸಂತಾನೋತ್ಪತ್ತಿಯ ಪಾಠದ ಕೊನೆಯ ಪುಟ ತೆರೆದು ಮೇಜಿನ ಮೇಲೆ ಹಾಕಿದರು. ‘ಬಸಿರು ತಡೆಯುದರ ಬಗ್ಗೆ ಇದರಲ್ಲಿ ನಾಲ್ಕೇ ಸಾಲು ಉಂಟು. ನಿಮಗೆ ಜಾಸ್ತಿ ಗೊತ್ತುಂಟಲ್ಲ. ಒಬ್ಬೊಬ್ಬರನ್ನೇ ಕರೀರಿ. ಟೀಮ್ ಸೆಲೆಕ್ಷನ್ ಮಾಡುವ.’

ಕಾಂಡೋಮಿನಿಂದ ಶುರು ಮಾಡಿದೆ. ಅಡ್ಡಪರಿಣಾಮ ಇಲ್ಲ, ರೋಗವನ್ನೂ ತಡೆಯುತ್ತದೆ ಎಂದೆ.

‘ಒಳ್ಳೆಯವನೇ. ಆದ್ರೆ ಇವನನ್ನು ಆಡಿಸುದು ನಾನಲ್ಲ, ಯಜಮಾನರು. ಅವರಿಗೆ ಮನಸ್ಸಾಗ್ಬೇಕು. ಬೆಂಚಿನಲ್ಲಿ ಕೂತ್ಕೊಳ್ಳಲಿ.’

ದಿನದ ಮಾತ್ರೆಗೆ ಬಂದೆವು. ಗಂಡ ವಿಮಾನ ಇಳಿದ ದಿನ ಒಂದು ನುಂಗಿದರೆ ನಡೆಯುವುದಿಲ್ಲ, ಮೊದಲೇ ಶುರು ಮಾಡಿ ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳಬೇಕು ಎಂದೆ. ಅವರಿಗೆ ಆಗಾಗ ಅರೆತಲೆನೋವು ಬರುತ್ತಿತ್ತು, ಬರುವ ಮುಂಚೆ ಕಣ್ಣೆದುರು ಮಿಂಚು ಹೊಡೆಯುತ್ತಿತ್ತು. ಅಂಥವರಿಗೆ ಆ ಮಾತ್ರೆ ಆಗಿಬರುವುದಿಲ್ಲ ಎಂದೂ ಹೇಳಿದೆ. ‘ಔಟ್’ ಎಂದರು.

ಮೂರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಎಂದೆ. ಸರಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ, ಆದರೆ ಶುರುವಿನಲ್ಲಿ ಹೇಳದೆ ಕೇಳದೆ ಆಗಾಗ ರಕ್ತ ಕಾಣಬಹುದು. ಅವರು ಜೋರಾಗಿ ನಕ್ಕರು. ‘ಯಾವಾಗ ಕಾಣ್ತದೆ ಅಂತ ಗೊತ್ತಿಲ್ಲದಿದ್ರೆ ನಮ್ಮ ಮನೆಯಲ್ಲಿ ನಾನು ವರ್ಷವಿಡೀ ಅಂಗಳದಲ್ಲೇ. ದೀಪ ಮುಟ್ಟುವ ಹಾಗಿಲ್ಲ, ಬಾವಿ ಮುಟ್ಟುವ ಹಾಗಿಲ್ಲ.’ ಡಾಕ್ಟರು ಹೇಳುವ ಅಡ್ಡಪರಿಣಾಮ ಒಂದಾದರೆ ಮನೆ ಹೇಳುವ ಅಡ್ಡಪರಿಣಾಮ ಇನ್ನೊಂದು. ಎರಡನೆಯದು ಯಾವ ಪುಸ್ತಕದಲ್ಲೂ ಇಲ್ಲ.

ಗಂಡಸರ ಆಪರೇಷನ್ ಎಲ್ಲಕ್ಕಿಂತ ಸುಲಭ ಎಂದೆ. ಅದೇ ದಿನ ಮನೆಗೆ ಬರಬಹುದು.

‘ಕೇಳಿ ಆಯ್ತು. ಅವರಿಗೆ ಅಲ್ಲಿ ಭಾರ ಎತ್ಲಿಕ್ಕುಂಟಂತೆ. ಎಂತ ಭಾರ ಮಾರಾಯ್ರೆ! ಎತ್ತುದು ಫೋನ್ ಮಾತ್ರ.’

ತನಗೇ ಆಪರೇಷನ್ ಮಾಡಿಸಿಕೊಳ್ಳಲು ಅವರಿಗೆ ಅಡ್ಡಿಯಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಮಲಗಬೇಕು, ಮನೆಯಲ್ಲಿ ಆರೈಕೆಗೆ ತಾಯಿ ಬೇಕು, ತಾಯಿಗೆ ಅಣ್ಣನ ಅಪ್ಪಣೆ ಬೇಕು. ಕೊನೆಗೆ ಉಳಿದದ್ದು ಕಾಪರ್-ಟಿ. ಒಮ್ಮೆ ಹಾಕಿದರೆ ಹತ್ತು ವರ್ಷದ ತನಕ ಇರುತ್ತದೆ, ಬೇಡವೆಂದಾಗ ತೆಗೆಸಬಹುದು, ದಿನವೂ ನೆನಪಿಡಬೇಕಿಲ್ಲ, ಯಾರಿಗೂ ಕಾಣುವುದಿಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ನೋವು, ರಕ್ತ ಜಾಸ್ತಿಯಾಗಬಹುದು ಎಂದೆ.

‘ಜಾಸ್ತಿಯಾದ್ರೂ ತಾರೀಕಿಗೆ ಬರ್ತದಲ್ಲ. ಇವಳು ಟೀಮಿಗೆ’ ಎಂದು ಪುಸ್ತಕ ಮುಚ್ಚಿದರು.

ಗಂಡ ಬರುವ ಎರಡು ತಿಂಗಳು ಮೊದಲೇ ಮೂಡುಬಿದಿರೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಹಿರಿಯ ಲೇಡಿ ಡಾಕ್ಟರು. ಇವರು ಹೇಳುವುದನ್ನೆಲ್ಲ ಕೇಳಿ, ಕನ್ನಡಕದ ಮೇಲಿಂದ ನೋಡಿ, ‘ಯಜಮಾನರು ಬಹರೈನ್‌ನಲ್ಲಿ ಅಲ್ಲವಾ? ಮತ್ತೆ ಈಗ ನಿಮಗೆ ಎಂತಕ್ಕೆ ಇದು?’ ಎಂದರು. ಬಾಗಿಲ ಬಳಿ ನಿಂತಿದ್ದ ನರ್ಸು ಚೀಟಿ ಬರೆಯುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದಳು. ಗಲ್ಫಿನಲ್ಲಿ ಗಂಡ ಇರುವ ಹೆಂಗಸು ಇಂಥದ್ದನ್ನು ಕೇಳಿದರೆ ಏನು ಅರ್ಥ ಮಾಡಬೇಕೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಕೈಚೀಲ ಎತ್ತಿಕೊಂಡು ಎದ್ದೆ. ಪಿ.ಟಿ. ಟೀಚರ್ ಮಾತ್ರ ಅಲುಗದೆ, ‘ಮಾಡಿಗೆ ಹಂಚು ಹಾಕುದು ಮಳೆ ಬರುವ ಮೊದಲೇ ಅಲ್ಲವಾ ಡಾಕ್ಟ್ರೇ?’ ಎಂದರು.

ಡಾಕ್ಟರು ಮುಖ ಗಂಟಿಕ್ಕಿ, ಮುಟ್ಟಾದ ಎರಡನೇ ಮೂರನೇ ದಿನ ಬನ್ನಿ, ಆಗ ಬಸಿರಿಲ್ಲ ಎಂದು ಖಾತ್ರಿಯಾಗುತ್ತದೆ ಎಂದರು. ಮುಂದಿನ ತಿಂಗಳು ನಮ್ಮ ತಾಲೂಕು ಮಟ್ಟದ ಕ್ರೀಡಾಕೂಟ, ಆಗಲಿಲ್ಲ. ಅದರ ಮುಂದಿನ ತಿಂಗಳ ದಿನ ಸರಿಯಾಗಿ ನೇಮದ ದಿನಕ್ಕೇ ಬಂತು.

ಇಲ್ಲಿಂದ ಮುಂದಿನದ್ದು ಬರೆಯುವಾಗ ನನಗೆ ಹಲ್ಲು ಕಡಿಯುವಂತಾಗುತ್ತದೆ. ನೇಮ, ತಂಬಿಲ, ಗೃಹಪ್ರವೇಶ, ಯಾವುದೇ ಇರಲಿ, ನಮ್ಮ ಮನೆಗಳಲ್ಲಿ ಹೆಂಗಸರ ಮುಟ್ಟನ್ನು ಮುಂದೂಡುವ ಮಾತ್ರೆಯೂ ತಯಾರಿಯಲ್ಲಿ ಸೇರಿರುತ್ತದೆ. ಶಾಮಿಯಾನ, ಬಾಳೆಎಲೆ, ಮಾತ್ರೆ. ಮೆಡಿಕಲ್ಲಿನವನು ಡಾಕ್ಟರ ಚೀಟಿ ಕೇಳುವುದಿಲ್ಲ, ‘ನೇಮ ಯಾವತ್ತು?’ ಎಂದು ಕೇಳುತ್ತಾನೆ. ಆ ಮನೆಯಲ್ಲಿ ಅದನ್ನು ಹಂಚುವವರು ಪಿ.ಟಿ. ಟೀಚರ ದೊಡ್ಡಮ್ಮ. ಮಕ್ಕಳಿಲ್ಲದ, ಎಲ್ಲರಿಗೂ ಬೇಕಾದ, ಎದೆಯಲ್ಲಿ ಒಂದಿಷ್ಟೂ ವಿಷ ಇಲ್ಲದ ಹೆಂಗಸು. ಅವರು ಕೊಟ್ಟರು, ಇವರು ನುಂಗಿದರು. ಮುಟ್ಟು ನಿಂತಿತು. ಅದರೊಂದಿಗೆ ಡಾಕ್ಟರು ಹೇಳಿದ ಎರಡನೇ ದಿನ, ಮೂರನೇ ದಿನವೂ ಹೋಯಿತು. ‘ನೇಮ ಮುಗೀಲಿ ಟೀಚರ್, ಮಾತ್ರೆ ಬಿಟ್ಟ ಕೂಡ್ಲೇ ಆಗ್ತದೆ, ಹೋಗುವ’ ಎಂದರು ನನಗೆ. ಅಷ್ಟರಲ್ಲಿ ಗಂಡ ಬಂದಿಳಿದರು.

ನೇಮಕ್ಕೆ ನಾನೂ ಹೋಗಿದ್ದೆ. ಚೆನ್ನಾಗಿಯೇ ನಡೆಯಿತು. ದೈವ ಪಾತ್ರಿಯ ಬಾಯಿಂದ ನುಡಿ ಕೊಡುವ ಹೊತ್ತಿಗೆ ಮಾವ ಮುಂದೆ ನಿಂತು, ಕುಟುಂಬಕ್ಕೆ ಹೆಣ್ಣು ಸಂತಾನ ಆಗಬೇಕೆಂದು ಕೇಳಿಕೊಂಡರು. ನಿಮ್ಮ ಸಂತಾನವನ್ನು ಬೆಳಗಿಸುತ್ತೇನೆ ಎಂದು ನುಡಿಯಾಯಿತು. ಇಡೀ ಅಂಗಳ ತಿರುಗಿ ಪಿ.ಟಿ. ಟೀಚರನ್ನು ನೋಡಿತು. ಅವರು ನೆಲ ನೋಡುತ್ತಿದ್ದರು.

ನೇಮ ಮುಗಿದ ಮೂರನೆಯ ದಿನ ಶಾಲೆಗೆ ಬಂದರು. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಮೆಲ್ಲಗೆ ಕೇಳಿದೆ, ಮುಟ್ಟಾಯಿತಾ ಎಂದು.

‘ಮಾತ್ರೆ ನಿನ್ನೆ ಮುಗೀತು. ಇನ್ನು ಆಗ್ಬೇಕು.’

‘ಯಜಮಾನರು ಜಾಗ್ರತೆ ಮಾಡಿದ್ರು ಅಲ್ಲವಾ?’

‘ಮೊನ್ನೆ ಕಾಂಡೋಮಿನ ಪೆಟ್ಟಿಗೆ ಕೊಟ್ಟೆ. ಡ್ರಾಯರಿಗೆ ಹಾಕಿದ್ರು. ಮಾತ್ರೆ ತಗೊಳ್ತಾ ಇದ್ದಿ ಅಲ್ಲವಾ, ಮತ್ತೆ ಇದು ಎಂತಕ್ಕೆ ಅಂದ್ರು. ದೊಡ್ಡಮ್ಮನೂ ಹಾಗೇ ಹೇಳಿದ್ರು, ಈ ಮಾತ್ರೆಯಲ್ಲಿರುವಾಗ ಬಸಿರು ನಿಲ್ಲುದಿಲ್ಲ ಅಂತ. ಹೌದಲ್ಲ?’

‘ಅಲ್ಲ ಟೀಚರ್’ ಎಂದೆ. ‘ಅದು ಮುಟ್ಟನ್ನು ಮುಂದೆ ಹಾಕುವ ಮಾತ್ರೆ. ಬಸಿರು ತಡೆಯುವ ಮಾತ್ರೆ ಬೇರೆಯೇ.’

ಅಷ್ಟು ಗಟ್ಟಿ ಹೆಂಗಸಿನ ಮುಖ ಸುಣ್ಣದಂತಾಯಿತು. ಆ ಮುಖ ನನಗೆ ಮರೆಯುವುದಿಲ್ಲ. ನಾಡಗೀತೆ ಮುಗಿಯುವ ತನಕ ಅಟೆನ್ಶನ್‌ನಲ್ಲೇ ನಿಂತಿದ್ದರು. ಮುಗಿದ ಕೂಡಲೇ ಸ್ಕೂಟರಿನ ಕೀಲಿ ತೆಗೆದು, ‘ಕೂತ್ಕೊಳ್ಳಿ’ ಎಂದರು. ರಜೆ ಕೇಳಲಿಲ್ಲ, ಕೇಳಲು ನಾನೂ ಹೋಗಲಿಲ್ಲ.

ಮೂಡುಬಿದಿರೆಯ ಅದೇ ಕ್ಲಿನಿಕ್ಕು. ಅದೇ ಡಾಕ್ಟರು. ಎಲ್ಲವನ್ನೂ ಕೇಳಿ ಏನೆಂದರು ಗೊತ್ತೇ? ‘ಯಜಮಾನರು ಊರಿಗೆ ಬಂದಿದ್ದಾರಲ್ಲ. ಅವರನ್ನು ಕರ್ಕೊಂಡು ಬನ್ನಿ. ಅವರ ಒಪ್ಪಿಗೆ ಇಲ್ಲದೆ ನಾನು ಹಾಕುದಿಲ್ಲ.’ ಗಂಡ ಊರಲ್ಲಿ ಇಲ್ಲದಾಗ ನಿನಗೆ ಯಾಕೆ ಎಂದವರು, ಗಂಡ ಊರಲ್ಲಿರುವಾಗ ಅವನನ್ನೇ ಕರೆದು ತಾ ಎಂದರು. ಹಾಗಾದರೆ ಒಬ್ಬ ಹೆಂಗಸು ತನ್ನ ಪ್ರಾಣಕ್ಕೆ ಬೇಕಾದದ್ದನ್ನು ತಾನೇ ಕೇಳುವ ದಿನ ಯಾವುದು? ಅವರೂ ಹೆಂಗಸೇ, ಹೆತ್ತವರೇ, ಡಿಗ್ರಿಗಳನ್ನು ಗೋಡೆಗೆ ಹೊಡೆದು ಕೂತವರೇ. ನಾನು ಬಾಯಿಗೆ ಬಂದದ್ದು ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವ ಹಾಗಿಲ್ಲ.

ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯುದ್ದಕ್ಕೂ ಪಿ.ಟಿ. ಟೀಚರ್ ಒಂದೇ ಮಾತಾಡಿದ್ದು: ‘ಚಿಕ್ಕವನಿಗೆ ಶೂ ಲೇಸ್ ಕಟ್ಲಿಕ್ಕೂ ಬರುದಿಲ್ಲ.’ ಸಾಯುವುದನ್ನೇ ಯೋಚಿಸುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಹಿಂದೆ ಕೂತ ನನಗೆ ಅಳು ಬಂತು, ಸಿಟ್ಟಿಗೆ ಬಂದ ಅಳು.

ಬಂಟ್ವಾಳದ ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ನಿಧಾನವಾಗಿ ಎಲ್ಲ ಕೇಳಿದರು. ‘ಬಸಿರು ನಿಲ್ಲದೇ ಇರಲಿಕ್ಕೂ ಸಾಕು’ ಎಂದರು. ‘ಆದ್ರೆ ನಿಲ್ಲದಿದ್ರೆ ಅದು ನಿಮ್ಮ ಅದೃಷ್ಟ. ಆ ಮಾತ್ರೆಯನ್ನು ನಂಬಿ ಕೂತ್ಕೊಳ್ಳುವ ಹಾಗಿಲ್ಲ. ಕಾಪರ್-ಟಿಯನ್ನು ಮುಟ್ಟಿನ ದಿನವೇ ಹಾಕ್ಬೇಕು ಅಂತ ಇಲ್ಲ. ಸೇರಿ ಐದು ದಿನದ ಒಳಗೆ ಹಾಕಿದ್ರೆ ಬಸಿರನ್ನೂ ತಡೀತದೆ, ಮುಂದಕ್ಕೂ ಆಗ್ತದೆ. ನೀವು ಸಮಯಕ್ಕೆ ಬಂದಿದ್ದೀರಿ.’

‘ಗಂಡನ ಸಹಿ?’ ಎಂದರು ಪಿ.ಟಿ. ಟೀಚರ್, ಹೊಡೆದಾಟಕ್ಕೆ ನಿಂತವರ ಹಾಗೆ.

‘ಯಾರು ಹೇಳಿದ್ದು? ಮೈ ನಿಮ್ಮದು, ಸಹಿಯೂ ನಿಮ್ಮದೇ ಸಾಕು.’

ಅಷ್ಟೇ ಮಾತು. ಇಷ್ಟು ಸಣ್ಣ ಮಾತಿಗೆ ನಾವು ಒಂದು ತಾಲೂಕು ದಾಟಿ ಬರಬೇಕಾಯಿತು. ಕಾಪರ್-ಟಿ ಹಾಕಿಸಿಕೊಂಡು ಹೊರಗೆ ಬಂದಾಗ ಅವರ ಕಿಬ್ಬೊಟ್ಟೆ ಹಿಂಡುತ್ತಿತ್ತು, ಹಣೆಯಲ್ಲಿ ಬೆವರು. ಸಿಯಾಳದ ಅಂಗಡಿಯ ಬೆಂಚಿನಲ್ಲಿ ಕೂತು ಎಳನೀರು ಕುಡಿದರು. ಅವರು ಕೂತು ಏನಾದರೂ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ನನ್ನ ಮೈ ಎಂತ ಪಂಚಾಯತ್ ರಸ್ತೆಯಾ ಟೀಚರ್, ಎಲ್ಲರೂ ನಡೀಲಿಕ್ಕೆ?’ ಎಂದರು. ಆಮೇಲೆ ಸ್ಕೂಟರ್ ಓಡಿಸಿದ್ದು ನಾನು.

ಬಸಿರಾಗಲಿಲ್ಲ. ಕದ್ದುಮುಚ್ಚಿ ಇಡಲಿಕ್ಕೆಂದೇ ಆರಿಸಿದ್ದನ್ನು ಅವರು ಅದೇ ವಾರ ಗಂಡನಿಗೆ ತಾವೇ ಹೇಳಿಬಿಟ್ಟರು. ‘ಅಡಗಿಸಿ ಇಡುವಷ್ಟು ಸಿಟ್ಟು ಕಡಿಮೆಯಾಗಿಲ್ಲ’ ಎಂದರು ನನಗೆ. ಗಂಡ ಅದಕ್ಕೂ ಹೂಂ ಎಂದರಂತೆ. ಆದರೆ ಮಾವನಿಗೆ ಸುದ್ದಿ ಮುಟ್ಟಿಸಿದ್ದೂ ಆ ಗಂಡನೇ.

ಮಾವ ಸೀದಾ ಶಾಲೆಗೆ ಬಂದರು. ಬಿಳಿ ಪಂಚೆ, ಗರಿಗರಿ ಶಾಲು. ಹೆಡ್‌ಮಾಸ್ಟರು ಕುರ್ಚಿ ಬಿಟ್ಟುಕೊಟ್ಟು, ಚಹಾ ತರಿಸಿ, ಪಿ.ಟಿ. ಟೀಚರನ್ನು ಕರೆಸಿದರು. ಶಿಕ್ಷಕಿಯೊಬ್ಬಳ ಗರ್ಭಕೋಶದ ವಿಚಾರಣೆಗೆ ಶಾಲೆಯ ಆಫೀಸು! ಕರೆಯದಿದ್ದರೂ ನಾನು ಹಾಜರಿ ಪುಸ್ತಕದ ನೆಪದಲ್ಲಿ ಹೋಗಿ ನಿಂತೆ.

‘ದೈವ ಕೊಟ್ಟ ನುಡಿ ಸುಳ್ಳಾಗ್ಬೇಕಾ?’ ಎಂದರು ಮಾವ. ‘ಯಾರನ್ನು ಕೇಳಿ ಮಾಡಿದ್ದು? ನಿನ್ನ ನಂತರ ಚಾವಡಿಯಲ್ಲಿ ದೀಪ ಇಡುವವರು ಯಾರು? ಕುಟುಂಬಕ್ಕೆ ಒಂದು ಹೆಣ್ಣು ಬೇಡವಾ?’

‘ಹೊಂದಿಕೊಂಡು ಹೋಗಿ ಟೀಚರ್, ಹಿರಿಯರು’ ಎಂದರು ಹೆಡ್‌ಮಾಸ್ಟರು ನಡುವೆ.

ಪಿ.ಟಿ. ಟೀಚರ್ ಅವರತ್ತ ತಿರುಗಿಯೂ ನೋಡಲಿಲ್ಲ. ಆ ಮನೆಯಲ್ಲಿ ಎಂದೂ ಎತ್ತದ ದನಿಯನ್ನು ಮಾವನ ಮುಂದೆ ಎತ್ತಿದರು. ‘ಹೆಣ್ಣು ಬೇಕು, ಹೆಣ್ಣು ಬೇಕು ಅಂತೀರಲ್ಲ ಮಾವ, ನಾನು ಯಾರು? ಎರಡನೇ ಹೆರಿಗೆಯಲ್ಲಿ ನಾನು ಹೋಗಿದ್ರೆ ನಿಮ್ಮ ಕುಟುಂಬದಲ್ಲಿ ಯಾವ ಹೆಣ್ಣು ಉಳೀತಿತ್ತು? ದೀಪ ಇಡುವವಳು ಬದುಕಿದ್ದಾಳೆ. ಮೊದಲು ಅವಳನ್ನು ನೋಡಿ.’

ಮಾವ ಚಹಾ ಕುಡಿಯದೆ ಎದ್ದು ಹೋದರು. ಅಲ್ಲಿಂದ ಒಂದು ವರ್ಷ ಆ ಮನೆಯವರು ಇವರೊಂದಿಗೆ ಮಾತು ಬಿಟ್ಟರು. ತಾಯಿ ಕೂಡ ಮಕ್ಕಳ ಮೂಲಕವೇ ಮಾತಾಡುತ್ತಿದ್ದರು. ಅದು ಅವರನ್ನು ಒಳಗಿಂದ ತಿಂದಿತು. ಮನೆಯನ್ನೂ ಮಾವನನ್ನೂ ದೈವವನ್ನೂ ಬಿಟ್ಟುಬಿಡುವಂಥವರಲ್ಲ ಅವರು. ಬಿಡಬೇಕೆಂದು ನಾನು ಹೇಳಿದ್ದಕ್ಕೆ ನನ್ನ ಮೇಲೂ ರೇಗಿದರು. ‘ನನಗೆ ದೈವದ ಮೇಲೆ ಸಿಟ್ಟಿಲ್ಲ. ನಡುವೆ ನಿಂತು ನನ್ನ ಪರವಾಗಿ ಮಾತಾಡುವವರ ಮೇಲೆ ಸಿಟ್ಟು’ ಎಂದರು.

ಮರುವರ್ಷ ಮತ್ತೆ ನೇಮ ಬಂತು. ಮುಟ್ಟಿನ ದಿನ ಮತ್ತೆ ಅದಕ್ಕೇ ತಾಗಿತ್ತು. ದೊಡ್ಡಮ್ಮ ಯಾರ ಕೈಯಲ್ಲೋ ಮಾತ್ರೆ ಕಳಿಸಿದರು. ಇವರು ಹಾಗೇ ಹಿಂದೆ ಕಳಿಸಿದರು. ನೇಮದ ದಿನ ಮುಟ್ಟಾಗಿಯೇ ಹೋದರು. ಅಂಗಳಕ್ಕೆ ಕಾಲಿಡಲಿಲ್ಲ, ಪಾಗಾರದ ಗೋಡೆಯ ಆಚೆ ಡಾಮರು ರಸ್ತೆಯ ಬದಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ನನ್ನನ್ನೂ ಕೂರಿಸಿಕೊಂಡರು. ಒಳಗಿನದ್ದೆಲ್ಲ ಮೈಕಿನಲ್ಲಿ ಕೇಳುತ್ತಿತ್ತು. ಹೋಗುವವರು ಬರುವವರು ಓರೆಗಣ್ಣಿನಲ್ಲಿ ನೋಡಿ ಮುಂದೆ ಹೋದರು.

ನುಡಿಯ ಹೊತ್ತು ಬಂತು. ದೈವ ಕುಟುಂಬದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಅಭಯ ಹೇಳಿ, ಪ್ರಸಾದ ಕೊಟ್ಟಿತು. ಆಮೇಲೆ ಕೇಳಿತು: ‘ಈ ಚಾವಡಿಯ ಹೆಣ್ಣು ಎಲ್ಲಿ?’

ಚೆಂಡೆ ನಿಂತಿತು. ದೈವ ಮತ್ತೆ ಕೇಳಿತು.

‘ಹೊರಗೆ ಇದ್ದಾಳೆ’ ಎಂದರು ಮಾವ. ಮೈಕು ಅದನ್ನು ಊರಿಗೆಲ್ಲ ಸಾರಿತು. ಹೊರಗೆ ಎಂದರೆ ಮುಟ್ಟು ಎಂದು ಅಲ್ಲಿದ್ದ ಮಕ್ಕಳಿಗೂ ಗೊತ್ತು. ಬಸಿರಿಲ್ಲ, ಮಾತ್ರೆಯೂ ನುಂಗಿಲ್ಲ. ಅದನ್ನು ಮಾವ ತಮ್ಮ ಬಾಯಿಂದಲೇ ಹೇಳಬೇಕಾಯಿತು.

‘ಅವಳ ಪ್ರಸಾದ ತೆಗೆದಿಡು. ಅವಳಿದ್ದರೆ ಈ ಮನೆ ಉಂಟು’ ಎಂದಿತು ದೈವ.

ಪಿ.ಟಿ. ಟೀಚರ್ ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ರಸ್ತೆಯಲ್ಲೇ ನಿಂತು ಕೈ ಮುಗಿದರು. ಆಮೇಲೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

‘ಕೇಳಿದಿರಾ ಟೀಚರ್?’ ಎಂದರು. ‘ನನ್ನನ್ನು ಕೇಳಿದ್ದು. ಹುಟ್ಟದ ಮಗಳನ್ನಲ್ಲ.’